ಗೃಹಸಹಾಯಕ್ಕೆ ಆದಾಯದ ಮಿತಿ: ಪುತ್ತೂರು, ಸುಳ್ಯ, ಕಡಬ ಸೀಮೆಗಳ ಚರಿತ್ರೆಯಿಂದ ಒಂದು ವಿಚಾರ

ಮನೆಯಿಲ್ಲದವನಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರವು ಧನಸಹಾಯ ಮಾಡುವಾಗ, ಆ ಸಹಾಯಕ್ಕೆ ಅರ್ಹನಾದ ಬಡವನು ಯಾರೆಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ. ಇದಕ್ಕೆ ಈಗ ರೂಢಿಯಲ್ಲಿರುವ ಸಾಧನವು ವಾರ್ಷಿಕ ಆದಾಯದ ಮಿತಿ. ಇಷ್ಟು ರೂಪಾಯಿಗಳೊಳಗಿನ ಸಂಪಾದನೆಯುಳ್ಳವನು ಬಡವನು. ಅದನ್ನು ಮೀರಿದವನು ಬಡವನಲ್ಲ. ಕೇಳುವುದಕ್ಕೆ ಇದು ಬಹು ಸರಳವಾದ ನಿಯಮ. ಆದರೆ ಈ ಅಳತೆಗೋಲು ಎಲ್ಲಿ ಹುಟ್ಟಿತು, ಯಾರನ್ನು ಅಳೆಯುವುದಕ್ಕಾಗಿ ಹುಟ್ಟಿತು, ಅದಕ್ಕೆ ಮೊದಲು ಜನರ ಇಲ್ಲದಿಕೆಯನ್ನು ಯಾವುದರಿಂದ ಅಳೆಯುತ್ತಿದ್ದರು ಎಂಬ ಪ್ರಶ್ನೆಗಳು ಚರಿತ್ರೆಯ ಅಭ್ಯಾಸಿಗೆ ಸೇರಿದವು. ದಕ್ಷಿಣ ಕನ್ನಡದ ಪೂರ್ವಭಾಗವಾದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರೂ ಹಿಂದೆ ಒಂದೇ ತಾಲೂಕಿನ ಭಾಗಗಳಾಗಿದ್ದುವು. ಮದರಾಸು ಆಧಿಪತ್ಯದ ಕಾಲದಲ್ಲಿ ಉಪ್ಪಿನಂಗಡಿ ತಾಲೂಕೆಂದು ಕರೆಯಿಸಿಕೊಂಡು, ಅನಂತರ ಪುತ್ತೂರು ತಾಲೂಕೆಂಬ ಹೆಸರು ಪಡೆದ ಪ್ರದೇಶದಿಂದ ೧೯೬೦ರ ದಶಕದಲ್ಲಿ ಸುಳ್ಯವು ಬೇರೆಯಾಯಿತು. ೨೦೧೦ರ ದಶಕದಲ್ಲಿ ಈ ಎರಡರಿಂದಲೂ ಗ್ರಾಮಗಳನ್ನು ತೆಗೆದು ಕಡಬ ತಾಲೂಕನ್ನು ರಚಿಸಿದರು. ಘಟ್ಟದ ಬುಡದ ಈ ನಾಡಿನಲ್ಲಿ ಬಯಲುಸೀಮೆಯಲ್ಲಿರುವಂತೆ ಮನೆಗಳು ಒಂದಕ್ಕೊಂದು ತಾಗಿ ಊರಾಗಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ತೋಟದ ಮೇಲಣ ಗುಡ್ಡದಲ್ಲಿಯೋ ಗದ್ದೆಯ ಅಂಚಿನಲ್ಲಿಯೋ ಆ ತೋಟದಲ್ಲಿ ದುಡಿಯುವವರ ಬಿಡಾರಗಳು. ಇಂದಿಗೂ ಇಲ್ಲಿಯ ಜನರು ನೆಲವನ್ನು ಗುಂಟೆಯಿಂದ ಅಳೆಯದೆ, ಮದರಾಸಿನ ಪದ್ಧತಿಯಂತೆ ಸೆಂಟ್ಸುಗಳಿಂದಲೇ ಅಳೆಯುತ್ತಾರೆ. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಹೇಳುವುದರ ಬಹುಭಾಗವು ಇವುಗಳನ್ನೇ ಅವಲಂಬಿಸಿದೆ.

ಹಳೆಯ ಕಾಲದಲ್ಲಿ ಇಲ್ಲಿಯ ಭೂಮಿಯು ವರ್ಗದಾರರ ಕೈಯಲ್ಲಿಯೂ, ಅವರಿಂದ ಮೂಲಗೇಣಿ, ಚಾಲಗೇಣಿಗಳ ಮೇಲೆ ಒಕ್ಕಲುಗಳ ಕೈಯಲ್ಲಿಯೂ ಇತ್ತು. ಒಕ್ಕಲಿನ ಕೆಳಗೆ, ಗೇಣಿಯ ಹಕ್ಕು ಕೂಡ ಇಲ್ಲದೆ, ಒಡೆಯನ ಮನೆಗೆ ಮೂಲದಿಂದ ಬಂದ ಆಳುಗಳಿದ್ದರು. ೧೮೪೩ರ ಐದನೆಯ ಶಾಸನವು ದಾಸ್ಯಕ್ಕೆ ನ್ಯಾಯಾಲಯಗಳ ಮನ್ನಣೆಯನ್ನು ತಪ್ಪಿಸಿತಾದರೂ, ಆಳಿನ ಬಿಡಾರವು ನಿಂತ ನೆಲವು ಒಡೆಯನದಾಗಿಯೇ ಉಳಿಯಿತು. ಪುತ್ತೂರಿನಲ್ಲಿ ಬಹುಕಾಲ ವಾಸಿಸಿದ ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯು ಇಂತಹ ಆಳೊಬ್ಬನ ಕಥೆಯೆಂಬುದು ಸಾಹಿತ್ಯದ ಅಧ್ಯಾಪಕರಿಗೆ ಹೇಳಬೇಕಾದ ಮಾತಲ್ಲ. ಚೋಮನ ವಾರ್ಷಿಕ ಆದಾಯವೆಷ್ಟೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ದಿನದ ಪಡಿ, ಹಬ್ಬಕ್ಕೊಂದು ಬಟ್ಟೆ, ತೀರದ ಸಾಲ: ಇವುಗಳಲ್ಲಿ ಯಾವುದನ್ನು ಆದಾಯವೆಂದು ಬರೆಯುವುದು? ಅವನಿಗಿಲ್ಲದುದು ಹಣವೆಂಬುದಕ್ಕಿಂತಲೂ ತನ್ನದೆನ್ನುವ ನೆಲವೆಂಬುದೇ ಹೆಚ್ಚು ನಿಜ. ಇಲ್ಲಿಯ ಬಡತನದ ಮೊದಲನೆಯ ಅಳತೆಯು ಇದೇ: ಅಡಿಸ್ಥಳವು ಯಾರದು?

ರೂಪಾಯಿಯ ಮಿತಿಯು ಹೊರಗಿನಿಂದ ಬಂದಿತು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ೧೯೫೨ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ಒಂದು ವಸತಿ ಯೋಜನೆಯನ್ನು ಮಾಡಿ, ೧೯೫೪ರಲ್ಲಿ ಅಲ್ಪಾದಾಯದ ವರ್ಗದವರ ಗೃಹನಿರ್ಮಾಣ ಯೋಜನೆಯನ್ನು ಜಾರಿಗೆ ತಂದಿತು. ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೀರದ ಆದಾಯವುಳ್ಳವರಿಗೆ, ಮನೆಯ ಖರ್ಚಿನ ನೂರಕ್ಕೆ ೮೦ರಷ್ಟು, ಹೆಚ್ಚೆಂದರೆ ೮,೦೦೦ ರೂಪಾಯಿಗಳವರೆಗೆ ಸಾಲ ಕೊಡುವುದು ಇದರ ಕ್ರಮ. ೬,೦೦೦ ರೂಪಾಯಿ ಎಂದರೆ ತಿಂಗಳಿಗೆ ೫೦೦. ಆ ಕಾಲದಲ್ಲಿ ಇದು ಗೌರವವಾದ ಸಂಬಳ. ಮೇಲಣ ಮಿತಿಯನ್ನು ಹೀಗೆ ಎತ್ತರದಲ್ಲಿಟ್ಟು, ಉಳಿದ ನೂರಕ್ಕೆ ೨೦ನ್ನು ತಾನೇ ಹೊಂದಿಸಿ, ಕಟ್ಟಲು ನಿವೇಶನವನ್ನೂ ತೋರಿಸಿ, ಸಾಲವನ್ನು ಕಂತುಗಳಲ್ಲಿ ತೀರಿಸಬೇಕೆಂದ ಮೇಲೆ, ಆ ಯೋಜನೆಯ ಬಾಗಿಲಿನೊಳಗೆ ಹೋಗಬಲ್ಲವನು ಶಾಲೆಯ ಉಪಾಧ್ಯಾಯನೋ ಕಚೇರಿಯ ಗುಮಾಸ್ತನೋ ಹೊರತು ತೋಟದ ಆಳಲ್ಲ. ಆದಾಯದ ಮಿತಿಯೆಂಬ ಕಲ್ಪನೆಯು ತಿಂಗಳ ಸಂಬಳದವನನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ೧೯೭೦ರಲ್ಲಿ ಸ್ಥಾಪಿತವಾದ ಹುಡ್ಕೋ ಸಂಸ್ಥೆಯು ಮಿತಿಯನ್ನು ಕೆಳಕ್ಕೆ ತಂದು, ತಿಂಗಳಿಗೆ ೩೫೦ ರೂಪಾಯಿಗಳವರೆಗಿನವರನ್ನು ಆರ್ಥಿಕವಾಗಿ ದುರ್ಬಲರೆಂದು ಬೇರೆ ಮಾಡಿತು. ಆದರೂ ಲೆಕ್ಕವು ತಿಂಗಳಿನದೇ. ಮಳೆಗಾಲದಲ್ಲಿ ಒಂದು ಕೂಲಿ, ಅಡಕೆಯ ಕೊಯ್ಲಿನಲ್ಲಿ ಒಂದು ಕೂಲಿ, ನಡುವೆ ಏನೂ ಇಲ್ಲವೆಂಬ ಜೀವನಕ್ಕೆ ಅದು ಹೊಂದುವುದಲ್ಲ.

ಇದೇ ಕಾಲಕ್ಕೆ, ಈ ಸೀಮೆಯ ಮಗ್ಗುಲಲ್ಲಿಯೇ, ಬೇರೊಂದು ಬಗೆಯ ಅಳತೆಯು ಆಚರಣೆಗೆ ಬಂದಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡದ ಉಳಿದ ಭಾಗವು ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಹೋದುದು ಸರ್ವವಿದಿತ. ಪುತ್ತೂರಿನ ಪಾಣಾಜೆಯಿಂದಲೂ ಸುಳ್ಯದ ಮಂಡೆಕೋಲು, ಆಲೆಟ್ಟಿಗಳಿಂದಲೂ ಗಡಿ ದಾಟಿದರೆ ಭಾಷೆ, ಬೆಳೆ, ಬಿಡಾರ ಯಾವುದೂ ಬದಲಾಗುವುದಿಲ್ಲ. ಕಾನೂನು ಮಾತ್ರ ಬದಲಾಗುತ್ತದೆ. ಕೇರಳದ ೧೯೬೩ರ ಭೂಸುಧಾರಣಾ ಶಾಸನವು ೧೯೬೯ರಲ್ಲಿ ತಿದ್ದುಪಡಿಯಾಗಿ ೧೯೭೦ರ ಜನವರಿ ೧ರಿಂದ ಬಲವಾಗಿ ಜಾರಿಯಾದಾಗ, ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ‘ಕುಡಿಕಿಡಪ್ಪುಕಾರ’ನಿಗೆ ಆ ನೆಲವನ್ನು ಕೊಳ್ಳುವ ಹಕ್ಕು ಬಂದಿತು. ಪಂಚಾಯತಿನ ಎಲ್ಲೆಯಲ್ಲಿ ೧೦ ಸೆಂಟ್ಸ್, ದೊಡ್ಡ ನಗರದಲ್ಲಿ ೩, ಉಳಿದ ಪುರಸಭೆಗಳಲ್ಲಿ ೫ ಸೆಂಟ್ಸ್. ಇಲ್ಲಿ ಅರ್ಹತೆಯನ್ನು ಹೇಗೆ ನಿರ್ಣಯಿಸಿದರೆಂಬುದು ಗಮನಾರ್ಹವಾದುದು. ಆ ಶಾಸನವು ಮನುಷ್ಯನ ಆದಾಯವನ್ನು ಕೇಳಲಿಲ್ಲ, ಗುಡಿಸಲನ್ನು ಕೇಳಿತು. ಕಟ್ಟುವಾಗ ೭೫೦ ರೂಪಾಯಿಗಳಿಗಿಂತ ಹೆಚ್ಚು ಖರ್ಚಾಗದ, ಅಥವಾ ತಿಂಗಳಿಗೆ ೫ ರೂಪಾಯಿಗಳಿಗಿಂತ ಹೆಚ್ಚು ಬಾಡಿಗೆ ಬಾರದಿದ್ದ ವಾಸಸ್ಥಾನವೇ ಗುಡಿಸಲು. ಮಡಲಿನ ಮಾಡು, ಮಣ್ಣಿನ ಗೋಡೆ ಎಲ್ಲರ ಕಣ್ಣಿಗೂ ಕಾಣುವಂತಹವು. ಅದರ ಬೆಲೆಯನ್ನು ನೆರೆಯ ನಾಲ್ವರು ಹೇಳಬಲ್ಲರು. ಆದಾಯವಾದರೋ ಹೇಳಿದವನ ಬಾಯಲ್ಲಿ ಮಾತ್ರ ಇರುವ ವಸ್ತು.

ಕರ್ನಾಟಕದ ಕಡೆಯಲ್ಲಿ ೧೯೬೧ರ ಭೂಸುಧಾರಣಾ ಶಾಸನವು ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾಗಿ ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದಿತು. ಗೇಣಿದಾರರಿಗೆ ಭೂಮಿಯಾದ ವೃತ್ತಾಂತವು ಪ್ರಸಿದ್ಧವಾದುದು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಷ್ಟು ಪ್ರಸಿದ್ಧವಲ್ಲದುದು ಅದೇ ಶಾಸನದ ೩೮ನೆಯ ವಿಧಿ. ತನ್ನದಲ್ಲದ ನೆಲದಲ್ಲಿ ಮನೆಮಾಡಿಕೊಂಡು ವಾಸಿಸುವ ಕೃಷಿಕಾರ್ಮಿಕನು ಆ ಮನೆಗೂ ಅದರ ಅಡಿಸ್ಥಳಕ್ಕೂ, ಅದರ ಅನುಭೋಗಕ್ಕೆ ಅವಶ್ಯವಾದ ಸುತ್ತಣ ನೆಲಕ್ಕೂ ಒಡೆಯನಾಗಿ ನೋಂದಣಿ ಪಡೆಯಲು ಹಕ್ಕುಳ್ಳವನು ಎಂದು ಅದು ವಿಧಿಸಿತು. ಇಲ್ಲಿಯೂ ರೂಪಾಯಿಯ ಮಿತಿಯಿಲ್ಲ. ಕೈದುಡಿಮೆಯೇ ಮುಖ್ಯ ಜೀವನೋಪಾಯವಾಗಿರುವವನು ಕೃಷಿಕಾರ್ಮಿಕನು; ಅಷ್ಟೇ ಲಕ್ಷಣ. ಗಡಿಯ ಆಚೆ ಗುಡಿಸಲಿನ ಬೆಲೆ, ಈಚೆ ದುಡಿಮೆಯ ಬಗೆ: ಎರಡೂ ಈ ನಾಡಿನ ಜೀವನಕ್ಕೆ ಸಮೀಪವಾದ ಅಳತೆಗಳಾಗಿದ್ದುವೆಂದು ನಮಗೆ ತೋರುತ್ತದೆ. ಇವೆರಡರಲ್ಲಿ ಕೇರಳದ್ದು ಹೆಚ್ಚು ಬುದ್ಧಿವಂತಿಕೆಯದು. ಏಕೆಂದರೆ ಅದು ಸೆಂಟ್ಸುಗಳ ಸಂಖ್ಯೆಯನ್ನು ಖಚಿತವಾಗಿ ಹೇಳಿತು. ನಮ್ಮ ವಿಧಿಯು ‘ಅವಶ್ಯವಾದ ನೆಲ’ ಎಂದು ಹೇಳಿ, ಅವಶ್ಯವೆಷ್ಟೆಂಬ ವಾದಕ್ಕೆ ಎಡೆಗೊಟ್ಟಿತು. ಒಡೆಯನೊಡನೆ ವಾದಕ್ಕೆ ನಿಲ್ಲುವುದು ಆಳಿಗೆ ಸುಲಭವಾದ ಕೆಲಸವಲ್ಲವಷ್ಟೆ.

ಅರಸರ ಕಾಲದಲ್ಲಿಯೇ ನಿವೇಶನರಹಿತರಿಗೆ ಉಚಿತ ನಿವೇಶನಗಳನ್ನು ಹಂಚಿ ‘ಜನತಾ ಮನೆ’ಗಳನ್ನು ಕಟ್ಟಿಸಿದುದರಿಂದ, ಒಂಟಿಮನೆಗಳ ಈ ಸೀಮೆಯಲ್ಲಿಯೂ ಸಾಲುಮನೆಗಳ ಜನತಾ ಕಾಲೊನಿಗಳು ಕಾಣಿಸಿಕೊಂಡುವು. ಕೇಂದ್ರದ ಇಂದಿರಾ ಆವಾಸ ಯೋಜನೆಯು ೧೯೮೫-೮೬ರಲ್ಲಿ ಉದ್ಯೋಗ ಕಾರ್ಯಕ್ರಮದ ಅಂಗವಾಗಿ ಆರಂಭವಾಗಿ, ೧೯೯೬ರಲ್ಲಿ ಸ್ವತಂತ್ರವಾಯಿತು. ರಾಜ್ಯದ ಆಶ್ರಯ ಯೋಜನೆಯು ೧೯೯೧-೯೨ರಲ್ಲಿ ಬಂದಿತು. ಇವುಗಳನ್ನು ನಡೆಸುವುದಕ್ಕೆ ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಹುಟ್ಟಿತು. ೨೦೧೦-೧೧ರಲ್ಲಿ ಬಸವ ವಸತಿ ಯೋಜನೆಯು ಸೇರಿತು. ಹೆಸರುಗಳು ಹೀಗೆ ಬದಲಾಗುತ್ತ ಬಂದರೂ, ಗ್ರಾಮಸಭೆಯಲ್ಲಿ ಫಲಾನುಭವಿಗಳನ್ನು ಆರಿಸುವುದು, ಅವರು ವರ್ಷಕ್ಕೆ ಇಷ್ಟು ಆದಾಯದೊಳಗಿನವರೆಂಬ ದೃಢೀಕರಣ ಪತ್ರವನ್ನು ನಾಡಕಚೇರಿಯಿಂದ ತರುವುದು ಎಂಬ ಕ್ರಮವು ನೆಲೆನಿಂತಿತು. ೧೯೫೪ರಲ್ಲಿ ಗುಮಾಸ್ತನಿಗಾಗಿ ಮಾಡಿದ ಅಳತೆಗೋಲು ಕೊನೆಗೆ ಆಳಿನ ಮನೆಯ ಬಾಗಿಲಿಗೂ ಬಂದಿತು.

ಈ ಪತ್ರದ ವಿಷಯವಾಗಿ ಸ್ವಲ್ಪ ನಿಂತು ವಿಚಾರಿಸಬೇಕು. ಗ್ರಾಮೀಣ ಪ್ರದೇಶದಲ್ಲಿ ಬಹುಕಾಲ ನಡೆದ ಮಿತಿಯು ವರ್ಷಕ್ಕೆ ೩೨,೦೦೦ ರೂಪಾಯಿಗಳು. ಅದನ್ನು ೧,೨೦,೦೦೦ಕ್ಕೂ, ನಗರಗಳಲ್ಲಿದ್ದ ೮೭,೬೦೦ ರೂಪಾಯಿಗಳ ಮಿತಿಯನ್ನು ೨,೦೦,೦೦೦ಕ್ಕೂ ರಾಜ್ಯ ಸರ್ಕಾರವು ಏರಿಸಿದುದು ೨೦೨೧ರ ಕೊನೆಯಲ್ಲಿ. ೩೨,೦೦೦ ರೂಪಾಯಿ ಎಂದರೆ ಇಡೀ ಕುಟುಂಬಕ್ಕೆ ದಿನಕ್ಕೆ ೮೮ ರೂಪಾಯಿಗಳಿಗೂ ಕಡಮೆ. ೨೦೨೧-೨೨ರಲ್ಲಿ ಸರ್ಕಾರವೇ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ನಿಗದಿ ಮಾಡಿದ ದಿನಗೂಲಿಯು ೨೮೯ ರೂಪಾಯಿ. ಈ ಕೂಲಿಯಂತೆ ಒಬ್ಬನು ದುಡಿದರೆ ೧೧೧ನೆಯ ದಿನದಂದು ಮಿತಿಯನ್ನು ದಾಟುತ್ತಿದ್ದನು. ವರ್ಷದಲ್ಲಿ ಉಳಿದ ೨೫೪ ದಿನಗಳಲ್ಲಿ ಅವನೂ ಅವನ ಮನೆಯವರೂ ಯಾವ ಸಂಪಾದನೆಯನ್ನೂ ಮಾಡತಕ್ಕುದಲ್ಲ. ಅಡಕೆ ಸುಲಿಯಲು ಹೋದ ಹೆಂಗಸಿನ ಕೂಲಿ, ಬೀಡಿ ಕಟ್ಟಿದ ಮಗಳ ಕೂಲಿ ಯಾವುದೂ ಲೆಕ್ಕಕ್ಕೆ ಸೇರಬಾರದು. ಇಂತಹ ಕುಟುಂಬವು ಪುತ್ತೂರು ಸೀಮೆಯಲ್ಲಿ ಬದುಕಿ ಉಳಿಯುವುದು ಹೇಗೆ? ಆದರೂ ಪತ್ರಗಳು ಬಂದುವು, ಮನೆಗಳೂ ಕಟ್ಟಲ್ಪಟ್ಟುವು. ಅಂದರೆ ಆ ಪತ್ರದಲ್ಲಿ ಬರೆದ ಅಂಕಿಯು ಯಾವ ಆದಾಯದ ಅಂಕಿಯೂ ಅಲ್ಲ. ಮಿತಿಯ ಕೆಳಗಣ ಒಂದು ಸಂಖ್ಯೆ, ಅಷ್ಟೆ. ಬರೆಸುವವನಿಗೂ ಬರೆಯುವವನಿಗೂ ಅದು ತಿಳಿದ ವಿಷಯ. ಇದರಲ್ಲಿ ಯಾರೊಬ್ಬರ ಅಪ್ರಾಮಾಣಿಕತೆಯನ್ನೂ ಕಾಣಬೇಕಾದುದಿಲ್ಲ. ಸುಳ್ಳನ್ನು ಬರೆಯದೆ ಸಹಾಯ ಕೊಡಲಾಗದಂತೆ ನಿಯಮವೇ ಇದ್ದಾಗ, ಗ್ರಾಮಲೆಕ್ಕಿಗನ ಲೇಖನಿಯು ನಿಯಮಕ್ಕಿಂತ ಹೆಚ್ಚು ದಯೆಯುಳ್ಳದ್ದಾಗಿತ್ತು ಎನ್ನಬಹುದು. ಆದರೆ ದಯೆಯು ಕೇಳಿದವರಿಗೆಲ್ಲ ಸಮನಾಗಿ ದೊರೆಯುವ ವಸ್ತುವಲ್ಲ.

೨೦೨೧ರ ಏರಿಕೆಯು ಈ ಅಸಂಗತಿಯನ್ನು ಬಹುಮಟ್ಟಿಗೆ ಸರಿಪಡಿಸಿತು. ಪಡಿತರ ಚೀಟಿಗೆ ಮೊದಲೇ ಇದ್ದ ೧,೨೦,೦೦೦ ರೂಪಾಯಿಗಳ ಮಿತಿಯೊಡನೆ ಮನೆಯ ಮಿತಿಯೂ ಸಮನಾಯಿತು. ಆದರೂ ಕಾಲವು ಮುಂದೆ ಹೋಗುತ್ತಿರುವುದು. ೨೦೨೫-೨೬ಕ್ಕೆ ನಿಗದಿಯಾದ ೩೭೦ ರೂಪಾಯಿಗಳ ದಿನಗೂಲಿಯಿಂದ ಎಣಿಸಿದರೆ, ಬಿಡುವಿಲ್ಲದೆ ದುಡಿಯುವ ಒಬ್ಬನೇ ಒಬ್ಬ ಕೂಲಿಯು ೩೨೫ನೆಯ ದಿನ ಮಿತಿಯನ್ನು ಮುಟ್ಟುತ್ತಾನೆ. ಗಂಡಹೆಂಡಿರಿಬ್ಬರೂ ದುಡಿದರೆ ಅರ್ಧವರ್ಷಕ್ಕೇ.

ಇಲ್ಲಿಯೇ ಇನ್ನೊಂದು ಮಿತಿಯನ್ನು ಹೋಲಿಸಿ ನೋಡುವುದು ಅಪ್ರಸ್ತುತವಾಗದು. ಕೃಷಿಯಲ್ಲದ ಮೂಲಗಳಿಂದ ಹೆಚ್ಚು ಆದಾಯವುಳ್ಳವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ಭೂಸುಧಾರಣಾ ಶಾಸನದ ೭೯-ಎ ವಿಧಿಯು ೧೯೭೪ರಲ್ಲಿ ತಡೆಯನ್ನು ಹಾಕಿತ್ತು. ಆಗ ಆ ಮಿತಿಯು ವರ್ಷಕ್ಕೆ ೧೨,೦೦೦ ರೂಪಾಯಿ. ೧೯೯೫ರಲ್ಲಿ ಅದು ೨ ಲಕ್ಷವಾಯಿತು, ೨೦೧೫ರಲ್ಲಿ ೨೫ ಲಕ್ಷವಾಯಿತು, ೨೦೨೦ರಲ್ಲಿ ವಿಧಿಯೇ ರದ್ದಾಯಿತು. ಒಂದೇ ರಾಜ್ಯ ಸರ್ಕಾರದ ಎರಡು ಆದಾಯಮಿತಿಗಳಲ್ಲಿ, ನೆಲವನ್ನು ಕೊಳ್ಳಬಲ್ಲವನನ್ನು ತಡೆಯುವ ಮಿತಿಯು ೨೦೮ ಪಾಲು ಬೆಳೆದು ಮಾಯವಾದ ಕಾಲದ ಕೊನೆಯ ವರ್ಷಗಳಲ್ಲಿ, ಮನೆಯನ್ನು ಕೇಳುವವನನ್ನು ತಡೆಯುವ ಮಿತಿಯು ೩೨,೦೦೦ದಿಂದ ಅಲುಗಲಿಲ್ಲ.

ಆದಾಯವನ್ನು ಕೇಳುವುದರ ನಿಷ್ಪ್ರಯೋಜಕತೆಯನ್ನು ಕೇಂದ್ರ ಸರ್ಕಾರವು ಕಂಡುಕೊಂಡಂತೆ ತೋರುತ್ತದೆ. ೨೦೧೬ರಲ್ಲಿ ಇಂದಿರಾ ಆವಾಸದ ಸ್ಥಾನಕ್ಕೆ ಬಂದ ಗ್ರಾಮೀಣ ಪ್ರಧಾನಮಂತ್ರಿ ಆವಾಸ ಯೋಜನೆಯು ವಾರ್ಷಿಕ ಆದಾಯದ ಪತ್ರವನ್ನು ಬಿಟ್ಟು, ೨೦೧೧ರ ಸಾಮಾಜಿಕ ಆರ್ಥಿಕ ಗಣತಿಯನ್ನು ಆಧಾರ ಮಾಡಿಕೊಂಡು, ಹದಿಮೂರು ಲಕ್ಷಣಗಳಲ್ಲಿ ಯಾವುದೊಂದಿದ್ದರೂ ಕುಟುಂಬವು ಅನರ್ಹವೆಂದು ಹೇಳಿತು. ಮೋಟಾರು ದ್ವಿಚಕ್ರ, ಮೀನುಗಾರಿಕೆಯ ದೋಣಿ, ರೆಫ್ರಿಜರೇಟರು, ಸ್ಥಿರ ದೂರವಾಣಿ, ೫೦,೦೦೦ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು, ಎರಡೂವರೆ ಎಕರೆ ನೀರಾವರಿ ಭೂಮಿಯೊಡನೆ ಒಂದು ಪಂಪು, ಮನೆಯವರಲ್ಲಿ ಯಾರಿಗಾದರೂ ತಿಂಗಳಿಗೆ ೧೦,೦೦೦ ರೂಪಾಯಿಗಳಿಗಿಂತ ಹೆಚ್ಚಿನ ಸಂಪಾದನೆ: ಇಂತಹವು. ಗುಡಿಸಲನ್ನು ನೋಡಿ ನಿರ್ಣಯಿಸಿದ ೧೯೭೦ರ ಕೇರಳದ ಕ್ರಮಕ್ಕೆ ಇದು ಮರಳಿ ಬಂದಂತಾಯಿತು. ಆದರೆ ಆ ಶಾಸನವು ಮನೆಯನ್ನು ನೋಡಿತು. ಇದು ಮನೆಯೊಳಗಿನ ಸಾಮಾನನ್ನು ನೋಡಿತು. ಸುಳ್ಯದ ಒಳನಾಡಿನಲ್ಲಿ ಬಸ್ಸಿನ ದಾರಿಗೆ ಗುಡ್ಡ ಇಳಿದು ಬರಬೇಕಾದವನಿಗೆ ದ್ವಿಚಕ್ರವು ಸಂಪತ್ತಿನ ಗುರುತಲ್ಲ, ಕಾಲಿನ ಬದಲು. ಕಾಡಿನ ಅಂಚಿನಲ್ಲಿ ಮೊಬೈಲಿನ ತರಂಗವು ತಲಪದ ಮನೆಗೆ ತಂತಿಯ ದೂರವಾಣಿಯೊಂದೇ ಹೊರಗಿನ ಸಂಪರ್ಕ. ೨೦೨೪ರಲ್ಲಿ ಯೋಜನೆಯನ್ನು ಇನ್ನೈದು ವರ್ಷಗಳಿಗೆ ಮುಂದುವರಿಸಿದಾಗ ದ್ವಿಚಕ್ರ, ದೋಣಿ, ರೆಫ್ರಿಜರೇಟರು, ದೂರವಾಣಿಗಳನ್ನು ಪಟ್ಟಿಯಿಂದ ತೆಗೆದು, ತಿಂಗಳ ಸಂಪಾದನೆಯ ಮಿತಿಯನ್ನು ೧೫,೦೦೦ಕ್ಕೆ ಏರಿಸಿದರು. ತಡವಾದರೂ ಒಪ್ಪತಕ್ಕ ತಿದ್ದುಪಡಿ.

ಇಷ್ಟಾದರೂ ನಾವು ಮೊದಲಲ್ಲಿ ಕೇಳಿದ ಪ್ರಶ್ನೆಯು ಹಾಗೆಯೇ ನಿಂತಿದೆ. ಆದಾಯದ ಬಾಗಿಲನ್ನು ದಾಟಿದವನ ಮುಂದೆ ಇನ್ನೊಂದು ಬಾಗಿಲಿದೆ. ಪಂಚಾಯತಿಯಲ್ಲಿ ವಸತಿರಹಿತರ ಪಟ್ಟಿಯೆಂದು ಒಂದು, ನಿವೇಶನರಹಿತರ ಪಟ್ಟಿಯೆಂದು ಇನ್ನೊಂದು. ಮನೆಯ ಹಣವು ಮೊದಲನೆಯ ಪಟ್ಟಿಯವರಿಗೆ. ಅಂದರೆ ಕಟ್ಟಲು ಸ್ವಂತ ಅಡಿಸ್ಥಳವಿದ್ದವರಿಗೆ. ಎರಡನೆಯ ಪಟ್ಟಿಯವರು ನೆಲಕ್ಕಾಗಿ ಕಾಯಬೇಕು.

ಈ ಸೀಮೆಯಲ್ಲಿ ಆ ನೆಲವು ಸಿಕ್ಕದಿರುವುದಕ್ಕೆ ಹಳೆಯ ಕಾರಣಗಳಿವೆ. ವರ್ಗಭೂಮಿಯ ಸುತ್ತಣ ಸರ್ಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ತೆಗೆದುಕೊಳ್ಳುವ ವಿಶೇಷ ಸೌಕರ್ಯವು ವರ್ಗದಾರನಿಗೆ ಉಂಟು. ಇದಕ್ಕೆ ಕುಮ್ಕಿಯೆಂದು ಹೆಸರು. ೧೯೬೪ರ ಭೂಕಂದಾಯ ಶಾಸನವು ತನ್ನ ೭೯ನೆಯ ವಿಧಿಯಲ್ಲಿ ಈ ಸೌಕರ್ಯವನ್ನು ಉಳಿಸಿತು. ಹೀಗೆ ದಾಖಲೆಯಲ್ಲಿ ಸರ್ಕಾರದ್ದಾಗಿಯೂ ಅನುಭೋಗದಲ್ಲಿ ತೋಟದವನದಾಗಿಯೂ ಇರುವ ಗುಡ್ಡದ ಮೇಲೆಯೇ ಆಳುಗಳ ಬಿಡಾರಗಳು ಅನೇಕವಾಗಿರುವುವು. ಅಲ್ಲಿರುವವನು ಒಡೆಯನ ನೆಲದಲ್ಲಿದ್ದಾನೆಂದರೆ ೩೮ನೆಯ ವಿಧಿಯ ಮಾತು, ಸರ್ಕಾರದ ನೆಲದಲ್ಲಿದ್ದಾನೆಂದರೆ ಅತಿಕ್ರಮಣದ ಮಾತು. ೨೦೧೨ರಲ್ಲಿ ಭೂಕಂದಾಯ ಶಾಸನಕ್ಕೆ ಸೇರಿದ ೯೪-ಸಿ ವಿಧಿಯು ಸರ್ಕಾರಿ ನೆಲದಲ್ಲಿ ಮೊದಲೇ ಕಟ್ಟಿಕೊಂಡ ವಾಸದ ಮನೆಗಳನ್ನು ಸಕ್ರಮ ಮಾಡಿ ಹಕ್ಕುಪತ್ರ ಕೊಡಲು ಅವಕಾಶ ಮಾಡಿತು. ‘ತೊಂಬತ್ತನಾಲ್ಕು ಸಿ’ ಎಂಬುದು ಈಗ ಇಲ್ಲಿಯ ಅಕ್ಷರ ಬಾರದ ಮುದುಕಿಯ ಬಾಯಲ್ಲಿಯೂ ಕೇಳಿಬರುವ ಮಾತು. ಒಂದು ಶಾಸನದ ವಿಧಿಯ ಸಂಖ್ಯೆಯು ಹೀಗೆ ಜನರ ಮಾತಿನಲ್ಲಿ ಸೇರಿಹೋದುದಕ್ಕೆ ಬೇರೆ ಉದಾಹರಣೆಗಳು ವಿರಳವೆಂದು ಕಾಣುತ್ತದೆ. ಅದರಿಂದ ಹಳ್ಳಿಯಲ್ಲಿ ೯ ಸೆಂಟ್ಸಿನವರೆಗೆ ನೆಲವು ದೊರೆಯುತ್ತದೆ. ಪಟ್ಟಣದಲ್ಲಿ, ೯೪-ಸಿಸಿ ವಿಧಿಯಂತೆ, ೨.೭೫ ಸೆಂಟ್ಸಿನವರೆಗೆ. ಅರಣ್ಯವೆಂದು ದಾಖಲಾದಲ್ಲಿ ಏನೂ ಇಲ್ಲ.

ಹಳ್ಳಿ, ಪಟ್ಟಣ ಎಂಬ ಈ ಭೇದವು ಕಡಬದಲ್ಲಿ ವಿಚಿತ್ರವಾದ ಫಲವನ್ನು ಕೊಟ್ಟಿದೆ. ಕಡಬದ ಗ್ರಾಮ ಪಂಚಾಯತಿಯು ಈಚೆಗೆ ಪಟ್ಟಣ ಪಂಚಾಯತಿಯಾಯಿತು. ಗುಡ್ಡವೂ ಅದೇ, ಮನೆಯೂ ಅದೇ, ಕೂಲಿಯೂ ಅದೇ. ಆದರೆ ಅದರ ಎಲ್ಲೆಯೊಳಗಿನವನಿಗೆ ಆದಾಯದ ಮಿತಿಯು ೧,೨೦,೦೦೦ದಿಂದ ೨,೦೦,೦೦೦ಕ್ಕೆ ಏರಿತು. ಕೇಂದ್ರದ ನಗರ ಆವಾಸ ಯೋಜನೆಯ ದೃಷ್ಟಿಯಿಂದ ೩,೦೦,೦೦೦ದವರೆಗೂ ಅವನು ದುರ್ಬಲನೇ. ಅದೇ ಗಳಿಗೆಯಲ್ಲಿ ಅವನು ಸಕ್ರಮ ಮಾಡಿಸಿಕೊಳ್ಳಬಹುದಾದ ನೆಲವು ೯ ಸೆಂಟ್ಸಿನಿಂದ ೨.೭೫ಕ್ಕೆ ಇಳಿಯಿತು. ಪುತ್ತೂರು ನಗರದ ಎಲ್ಲೆಗಲ್ಲಿನ ಆಚೆ ಈಚೆ ಇರುವ ಎರಡು ಮನೆಗಳಿಗೂ ಇದೇ ಮಾತು ಸಲ್ಲುತ್ತದೆ.

ಕೊರಗರ ವಿಷಯದಲ್ಲಿ ಮಾತ್ರ ಆದಾಯವನ್ನು ಕೇಳದ ಕ್ರಮವೊಂದು ಬಂದಿದೆ. ೨೦೨೩ರ ನವೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಮನ ಕಾರ್ಯಕ್ರಮದಲ್ಲಿ, ವಿಶೇಷವಾಗಿ ದುರ್ಬಲವಾದ ಬುಡಕಟ್ಟಿಗೆ ಸೇರಿ ಪಕ್ಕಾ ಮನೆಯಿಲ್ಲದಿರುವುದೇ ಅರ್ಹತೆ. ಕೊಪ್ಪದಲ್ಲಿರುವವನು ಯಾರೆಂದು ಊರಿಗೆ ಗೊತ್ತು, ಪತ್ರದ ಅವಶ್ಯಕತೆಯಿಲ್ಲ.

ಕೊನೆಯದಾಗಿ, ಈ ಮೂರು ತಾಲೂಕುಗಳಿಗೆ ವಿಶಿಷ್ಟವಾದ ಒಂದು ಸಮುದಾಯವನ್ನು ಕುರಿತು ಹೇಳಬೇಕು. ಆದಾಯಮಿತಿಯ ಎಲ್ಲ ತೊಡಕುಗಳೂ ಅವರಲ್ಲಿಯೇ ಒಂದುಗೂಡಿವೆ. ಸಿಂಹಳದ ಚಹಾ ಮತ್ತು ರಬ್ಬರು ತೋಟಗಳಿಗೆ ಆಂಗ್ಲರ ಕಾಲದಲ್ಲಿ ತಮಿಳುನಾಡಿನಿಂದ ಒಯ್ಯಲ್ಪಟ್ಟ ಕೂಲಿಗಳ ಸಂತತಿಯವರು, ಆ ದೇಶದ ೧೯೪೮ರ ಪೌರತ್ವ ಶಾಸನದಿಂದ ಯಾವ ದೇಶದವರೂ ಅಲ್ಲವೆಂಬ ಸ್ಥಿತಿಗೆ ಬಂದರು. ೧೯೬೪ರ ಅಕ್ಟೋಬರ್ ೩೦ರಂದು ಲಾಲ್ ಬಹದ್ದೂರ್ ಶಾಸ್ತ್ರಿಗಳಿಗೂ ಸಿರಿಮಾವೋ ಬಂಡಾರನಾಯಿಕೆಯವರಿಗೂ ಆದ ಒಪ್ಪಂದದಂತೆ ೫,೨೫,೦೦೦ ಜನರನ್ನು ಭಾರತವೂ ೩,೦೦,೦೦೦ ಜನರನ್ನು ಸಿಂಹಳವೂ ತೆಗೆದುಕೊಳ್ಳಬೇಕೆಂದಾಯಿತು. ಉಳಿದ ಒಂದೂವರೆ ಲಕ್ಷ ಜನರನ್ನು ೧೯೭೪ರಲ್ಲಿ ಎರಡು ದೇಶಗಳೂ ಸಮನಾಗಿ ಹಂಚಿಕೊಂಡುವು. ಹೀಗೆ ಮರಳಿದವರಲ್ಲಿ ಕೆಲವರನ್ನು, ೧೯೭೧ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮವು ಪುತ್ತೂರು, ಸುಳ್ಯಗಳ ಕಾಡಿನಲ್ಲಿ ಬೆಳೆಸಿದ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿದರು. ಆ ತೋಟಗಳಲ್ಲಿ ಕೆಲವು ಈಗ ಕಡಬಕ್ಕೆ ಸೇರಿವೆ. ಅವರ ಕಾಲೊನಿಗಳಿ‌ಗೆ ಇಲ್ಲಿಯವರು ಸಿ.ಆರ್.ಸಿ. ಕಾಲೊನಿಯೆನ್ನುತ್ತಾರೆ.

೧೯೫೧ರ ತೋಟಕಾರ್ಮಿಕರ ಶಾಸನವು ತೋಟದ ಕೆಲಸಗಾರನಿಗೆ ಮನೆ ಕೊಡುವುದನ್ನು ತೋಟದ ಒಡೆಯನ ಕರ್ತವ್ಯವನ್ನಾಗಿ ಮಾಡಿತು. ಆ ಮನೆಯು ಕೆಲಸವಿರುವವರೆಗೆ ಮಾತ್ರ ಕೆಲಸಗಾರನದು. ಈ ನಿಯಮವು ಮಾಡಿದವರ ಮನಸ್ಸಿನಲ್ಲಿ ಒಂದು ರಕ್ಷಣೆಯೇ ಆಗಿತ್ತು. ಆದರೆ ಇದರಿಂದ ಈ ರಬ್ಬರು ತೋಟದ ಕುಟುಂಬಗಳ ಸ್ಥಿತಿಯು ಚೋಮನ ಬಿಡಾರದ ಸ್ಥಿತಿಗೆ ಬಹು ಸಮೀಪವಾಯಿತು: ಮನೆ ಇದೆ, ಅಡಿಸ್ಥಳವು ಪರರದು. ಚೋಮನಿಗಿಂತ ಇವರು ಒಂದು ವಿಷಯದಲ್ಲಿ ಮೇಲಾದವರು. ಇವರಿಗೆ ರೂಪಾಯಿಯ ಕೂಲಿಯುಂಟು, ಅದು ನಿಗಮದ ಪುಸ್ತಕದಲ್ಲಿ ಪೈಸೆಗೆ ಪೈಸೆ ಬರೆದಿರುತ್ತದೆ. ಇದೇ ಇವರಿಗೆ ತೊಡಕೂ ಆಗಿದೆ. ಅಡಕೆ ತೋಟದ ಕೂಲಿಯವನ ಆದಾಯವನ್ನು ಎಷ್ಟೆಂದೂ ಬರೆಯಬಹುದು. ಅದನ್ನು ಪರೀಕ್ಷಿಸಲು ಯಾವ ಪುಸ್ತಕವೂ ಇಲ್ಲ. ರಬ್ಬರಿನ ಹಾಲು ತೆಗೆಯುವವಳ ಆದಾಯವನ್ನು ಒಂದು ರೂಪಾಯಿ ಕಡಮೆ ಮಾಡಿ ಬರೆಯಲಾಗದು. ೩೨,೦೦೦ದ ಮಿತಿಯ ಕಾಲದಲ್ಲಿ ವರ್ಷವಿಡೀ ಕೆಲಸವಿದ್ದ ತೋಟಕಾರ್ಮಿಕನು ಆ ಮಿತಿಯೊಳಗೆ ಇರುವುದು ಶಕ್ಯವೇ ಇರಲಿಲ್ಲ. ೧,೨೦,೦೦೦ವಾದ ಮೇಲೆಯೂ, ದಿನಕ್ಕೆ ೪೦೦ ರೂಪಾಯಿಯಂತೆ ೩೦೦ ದಿನ ದುಡಿದರೆ ಮಿತಿಯು ತುಂಬುತ್ತದೆ. ತೋಟದಲ್ಲಿ ಸಾಮಾನ್ಯವಾಗಿ ಗಂಡಹೆಂಡಿರಿಬ್ಬರೂ ಕೆಲಸಗಾರರು. ಕೇಂದ್ರದ ಹದಿಮೂರು ಲಕ್ಷಣಗಳಲ್ಲಿ ೨೦೨೪ರವರೆಗೆ ಇದ್ದ ತಿಂಗಳ ೧೦,೦೦೦ ರೂಪಾಯಿಯ ಲಕ್ಷಣವೂ ಇಂತಹವರಿಗೇ ಮೊದಲು ತಾಗುತ್ತಿತ್ತು. ಬರೆದಿಟ್ಟ ಕೂಲಿಯವನು ಹೊರಗೆ, ಬರೆಯದ ಕೂಲಿಯವನು ಒಳಗೆ.

ನೆಲದ ಕಡೆಯಿಂದ ನೋಡಿದರೂ ಇವರಿಗೆ ದಾರಿ ಕಡಮೆ. ತೋಟಗಳಿರುವುದು ಅರಣ್ಯಭೂಮಿಯಲ್ಲಿ, ಆದುದರಿಂದ ೯೪-ಸಿ ಅನ್ವಯಿಸದು. ೧೯೮೦ರ ಅರಣ್ಯ ಸಂರಕ್ಷಣಾ ಶಾಸನದಂತೆ ಕೇಂದ್ರದ ಅನುಮತಿಯಿಲ್ಲದೆ ಅಲ್ಲಿಯ ನೆಲವನ್ನು ಬೇರೆ ಉಪಯೋಗಕ್ಕೆ ಕೊಡುವಂತಿಲ್ಲ. ೨೦೦೬ರ ಅರಣ್ಯಹಕ್ಕುಗಳ ಶಾಸನವು ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ ೭೫ ವರ್ಷಗಳ, ವಾಸವನ್ನು ಅಪೇಕ್ಷಿಸುತ್ತದೆ. ಒಪ್ಪಂದವಾಗಿಯೇ ಅಷ್ಟು ವರ್ಷಗಳಾಗಿಲ್ಲ. ಪರಿಶಿಷ್ಟ ಜಾತಿಗಳಿಗೆ ಮೀಸಲಾದ ಮನೆಗಳನ್ನು ಕೇಳೋಣವೆಂದರೆ ಜಾತಿಯ ದೃಢೀಕರಣಕ್ಕೂ ತೊಡಕುಂಟು. ಪರಿಶಿಷ್ಟ ಜಾತಿಗಳ ಪಟ್ಟಿಯು ರಾಜ್ಯರಾಜ್ಯಕ್ಕೆ ಬೇರೆ. ೧೯೫೦ರಲ್ಲಿ ಪೂರ್ವಜರು ಎಲ್ಲಿದ್ದರೆಂದು ಕೇಳಿದರೆ, ಇವರ ಉತ್ತರವು ಸಮುದ್ರದ ಆಚೆಯ ಊರಿನ ಹೆಸರು.

ಭೂಸುಧಾರಣಾ ಶಾಸನಕ್ಕೆ ೩೮-ಎ ಎಂಬ ವಿಧಿಯನ್ನು ಸೇರಿಸಿ, ದಾಖಲೆಯಿಲ್ಲದ ವಸತಿಗಳಲ್ಲಿರುವ ಕೃಷಿಕಾರ್ಮಿಕರಿಗೆ ಒಡೆತನ ಕೊಡುವ ತಿದ್ದುಪಡಿಯು ೨೦೧೭ರಲ್ಲಿ ಬಂದಿತು. ತಾಂಡ, ಹಾಡಿ, ಗೊಲ್ಲರಹಟ್ಟಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿಧಿಯಿದು. ಇತರರ ನೆಲದಲ್ಲಿ ಬೆಳೆದ ಅಂತಹ ಊರುಗಳಿಗೆ ಅದರಿಂದ ಕಂದಾಯ ಗ್ರಾಮಗಳಾಗುವ ಮಾರ್ಗವು ತೆರೆಯಿತು. ನಿಗಮದ ಕಾಲೊನಿಗಳು ದಾಖಲೆಯಿಲ್ಲದವುಗಳಲ್ಲ; ಅವುಗಳ ದಾಖಲೆಯು ನಿಗಮದ ಹೆಸರಿನಲ್ಲಿ ಸರಿಯಾಗಿಯೇ ಇದೆ.

ಹಾಲು ತೆಗೆಯುವ ಕೆಲಸಗಾರನು ಕೆಲಸದಲ್ಲಿರುವವರೆಗೆ ಅವನ ಕೂಲಿಯು ಮಿತಿಯ ಅಂಚಿನಲ್ಲಿಯೋ ಅದರ ಮೇಲೆಯೋ ಇರುತ್ತದೆ. ನಿವೃತ್ತಿಯ ದಿನ ಆ ಕೂಲಿಯು ನಿಂತು ಅವನು ಮಿತಿಯೊಳಗೆ ಬರುತ್ತಾನೆ. ಆದಾಯದ ಪತ್ರವು ಈಗ ಸುಳ್ಳಿಲ್ಲದೆ ದೊರೆಯುತ್ತದೆ. ಶಾಸನದ ಅಕ್ಷರದಂತೆ ನಿಗಮದ ಮನೆಯ ಮೇಲಣ ಅವನ ಹಕ್ಕು ತೀರುವುದೂ ಅದೇ ದಿನ. ಪತ್ರವನ್ನು ಹಿಡಿದು ಅವನು ಪಂಚಾಯತಿಗೆ ಹೋದರೆ ಅಲ್ಲಿ ಅವನ ಹೆಸರು ಸೇರುವುದು ನಿವೇಶನರಹಿತರ ಪಟ್ಟಿಗೆ.